ರಾಕ್ಷಸನ ಬಣ್ಣ ತೊಳೆಯಲು ಬನ್ನಿ

ಯುದ್ಧಪ್ರಚಾರ ಖಾತೆಯ ಮಾನ್ಯ ಅಧಿಕಾರಿಗಳೇ,

ತಾವು ಹಚ್ಚಿಸಿದ ಬಣ್ಣಕ್ಕೆ ಒಬ್ಬ ಮನುಷ್ಯನ ಕಣ್ಣು ಹೋಗಿದೆ. ಕಲ್ಲು ಎಸೆದವರು ಊರಲ್ಲಿ ಅಡ್ಡಾಡುತ್ತಿದ್ದಾರೆ. ಕಣ್ಣು ಕಳೆದುಕೊಂಡವನು ಹಾನಗಲ್ಲಿನ ಲಾಕಪ್ಪಿನಲ್ಲಿದ್ದಾನೆ.

ಮೊನ್ನೆ ತಮ್ಮ ಪ್ರಚಾರದ ಮೋಟಾರು ಬಂತು. ಅಜ್ಜಪ್ಪನ ದೊಡ್ಡಾಟದ ಮೇಳದಲ್ಲಿ ಈ ಸಲದ ರಾಕ್ಷಸ ಜಪಾನಿಯೇ ಆಗಬೇಕೆಂದು ಅಪ್ಪಣೆಯಾಯಿತು. ರಾಕ್ಷಸನ ವೇಷದ ಉಳಿವೆಪ್ಪನ ಮುಖಕ್ಕೆ ಅರದಾಳದ ಹಳದಿ ಬಣ್ಣ ಮೆತ್ತಿದರು, ಕಾಡಿಗೆಯಿಂದ ಕಣ್ಣನ್ನು ಸೀಳಿದಂತೆ ಎಳೆದರು, ಕೋರೆಹಲ್ಲು ಕಟ್ಟಿದರು. ಆಟದಲ್ಲಿ ವೀರನ ವೇಷದ ಅಜ್ಜಪ್ಪ ಅವನನ್ನು ಕೊಂದ; ಜನ ಕುಣಿದಾಡಿದರು. ನಮ್ಮ ಮೇಳದಲ್ಲೊಂದು ರೂಢಿಯಿದೆ: ಆಟ ಮುಗಿದ ಮೇಲೆ ಕೊಂದವನೇ ಎಲ್ಲರೆದುರು ಸತ್ತವನ ಮುಖ ತೊಳೆಯಬೇಕು. ರಾಕ್ಷಸ ಹೋಗಿ ಉಳಿವೆಪ್ಪ ಹೊರಬಂದುದನ್ನು ಕಂಡೇ ಜನ ಮನೆಗೆ ಏಳುವುದು. ತಮ್ಮವರು ಅಜ್ಜಪ್ಪನ ಕೈಯಿಂದ ನೀರಿನ ತಂಬಿಗೆ ಕಸಿದರು. ಬಣ್ಣದ ಮುಖದಲ್ಲೇ ಉಳಿವೆಪ್ಪನಿಗೆ ಹಗ್ಗ ಬಿಗಿದು ಮರುದಿನ ಸಂತೆಯಲ್ಲಿ ಮೆರೆಸಿದರು.

ಅದೇ ಸಂತೆಗೆ ಲೀ ಬಂದ. ಸೈಕಲ್ಲಿನ ಮೇಲೆ ರೇಷ್ಮೆಯ ಗಂಟು ಹೇರಿಕೊಂಡು ಸವಣೂರು, ಶಿಗ್ಗಾಂವಿ ತಿರುಗುವ ಚೀನಾದ ವ್ಯಾಪಾರಿ. ತಮ್ಮ ಸರ್ಕಾರದ ಮಿತ್ರದೇಶದವನು. ಅವನ ಮೇಲೆ ಮೊದಲ ಕಲ್ಲು ಬಿದ್ದಾಗ ನಮ್ಮ ಅವ್ವ ತಿಪ್ಪವ್ವ, ಕಲ್ಲು ಹಿಡಿದ ಲಕ್ಕಪ್ಪನಿಗೆ ಅಡ್ಡ ನಿಂತಳು.

"ಏ ಲಕ್ಕಪ್ಪಾ, ಹ್ವಾದ ವಾರ ನಿನ್ನ ಹೇಣ್ತಿ ಇವನ ಕಡೆನ ಕುಬಸದ ಅರಿವಿ ತಗೊಂಡಿಲ್ಲೇನೋ?"

"ಆವಾಗ ಇವನ ಖರೇ ಮಾರಿ ಗೊತ್ತಿರಲಿಲ್ಲ ಬಿಡಬೇ. ನಿನ್ನೆ ಆಟದಾಗ ತೋರ್ಸ್ಯಾರಲ್ಲ."

ಲೀ ಹೇಳಿದ್ದು ಒಂದೇ ಮಾತು: "ಯವ್ವಾ, ನಮ್ಮೂರು ಸುಟ್ಟವರು ಅವರ ರೀ, ಜಪಾನದವರು." ಮುಂದಿನ ಕಲ್ಲು ಅವನ ಕಣ್ಣಿಗೆ ಬಿತ್ತು. ಪೊಲೀಸರು ಬಂದು ಜಪಾನಿ ಗೂಢಚಾರನೆಂದು ಅವನನ್ನೇ ಒಯ್ದರು.

ಜಪಾನಿನ ಸೈನ್ಯ ಸಾಧುಗಳ ಗುಂಪೆಂದು ನಾನು ಹೇಳುತ್ತಿಲ್ಲ. ಆದರೆ ಅದರೊಡನೆ ಕಾದಲು ಕೋರೆಹಲ್ಲು ಏಕೆ ಬೇಕಾಯಿತು? ಎದುರಿಗೆ ಮನುಷ್ಯನ ಮುಖವಿದ್ದರೆ ನಮ್ಮ ಹುಡುಗರು ಗುಂಡು ಹಾರಿಸಲಾರರೆಂಬ ಅಂಜಿಕೆಯೇ? ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ವರ್ಷ, ಪಠ್ಯದಲ್ಲಿ ಆಫ್ರಿಕದವರನ್ನು ನರಭಕ್ಷಕರಂತೆ ಬರೆದ ಚಿತ್ರ ನೋಡಿ, ಸಾಹೇಬರ ದೇಶದ ಪುಸ್ತಕದಲ್ಲಿ ನಮ್ಮ ಚಿತ್ರ ಹೇಗಿದೆಯೆಂದು ಮಾಸ್ತರರನ್ನು ಕೇಳಿದ್ದೆ. ಬೆತ್ತದ ಏಟು ಬಿತ್ತು, ಶಾಲೆ ಬಿಟ್ಟೆ. ಉತ್ತರ ಈಗ ಸಿಕ್ಕಿದೆ. ಯಾರನ್ನು ಆಳಬೇಕೋ, ಯಾರನ್ನು ಕೊಲ್ಲಬೇಕೋ ಅವರ ಚಿತ್ರ ಮೊದಲು ತಯಾರಾಗುತ್ತದೆ. ಕಳೆದ ವರ್ಷ ಚಳವಳಿಯ ಹುಡುಗರಿಗೆ ಗುಂಡಿಕ್ಕುವ ಮೊದಲು ಅವರನ್ನು ಗೂಂಡಾಗಳೆಂದು ಸಾರಿದವರು ಯಾರು?

ಲೀಯನ್ನು ಇಂದೇ ಬಿಡಿ. ಅಜ್ಜಪ್ಪನ ತಂಬಿಗೆ ಇನ್ನೂ ತಮ್ಮವರ ಬಳಿಯೇ ಇದೆ. ಬರುವ ಸಂತೆಗೆ ಅದರ ತುಂಬ ನೀರು ಹಿಡಿದು ತಾವೇ ಬನ್ನಿ, ಎಲ್ಲರೆದುರು ಅವನ ಮುಖದ ರಕ್ತ ತೊಳೆಯಿರಿ. ನಮ್ಮಲ್ಲಿ ಆ ಕೆಲಸ ಹೊಡೆದವನದು.

ಇಂತಿ,
ತಮ್ಮ ಮುಂದಿನ ಚಿತ್ರಕ್ಕೆ ತನ್ನ ಮುಖವೇ ಬೇಕಾದೀತೆಂದು ಬಲ್ಲ,
ಶಾಲೆ ಬಿಟ್ಟ ಶಿದ್ಲಿಂಗಪ್ಪ
ಹಾನಗಲ್, ೧೯೪೩