ಎಲೆ ತುಂಬಿದ ದಿಂಬು

ಅಕ್ಟೋಬರ್ 6, ಸೋಮವಾರ

ಇವತ್ತೂ ಮೂಗಿನ ತುಂಬ ಹತ್ತಿ. ಚಳಿ ಶುರುವಾಗುತ್ತಿದೆ, ಹಬ್ಬ ಬೇರೆ ಹತ್ತಿರ. ಊರಿನ ಹಳೆಯ ಹಾಸಿಗೆಗಳೆಲ್ಲ ನಮ್ಮ ಅಂಗಡಿಗೇ ಬಂದು ಬಿದ್ದಿವೆ. ಬಿಚ್ಚು, ಹಿಂಜು, ತುಂಬು, ಹೊಲಿ. ಸ್ಕೂಲು ಬಿಟ್ಟೆ, ಗ್ಯಾರೇಜು ಬಿಟ್ಟೆ, ಪ್ರೆಸ್ಸು ಬಿಟ್ಟೆ. ಕಾಲಿಗೆ ಚಕ್ರ ಕಟ್ಟಿಕೊಂಡವನು ಇಲ್ಲಿ ಹೇಗೆ ನಿಂತ ಎಂದು ಅಮ್ಮನಿಗೆ ಆಶ್ಚರ್ಯ. ಹಾಸಿಗೆಯ ಮೇಲಿನ ಪ್ರೀತಿಯಿಂದೇನಲ್ಲ. ಸಾಸಿವೆಯನ್ನು ಜೊತೆಗೆ ಕರೆತರಲು ಬಿಟ್ಟ ಯಜಮಾನರು ಇವರೊಬ್ಬರೇ.

ಭಾವ ತೀರಿಕೊಂಡ ಮೇಲೆ ಅಕ್ಕ ದೂರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದಳು. ಅಂದಿನಿಂದ ಅವಳ ಮಗಳು ನಮ್ಮಲ್ಲೇ. ಈಗ ನಾಲ್ಕು ವರ್ಷ. ಗಾತ್ರ ನೋಡಿ ನಾನೇ ಇಟ್ಟ ಹೆಸರು, ಸಾಸಿವೆ.

ದಾರಿಯ ತುಂಬ ಒಣಗಿದೆಲೆ. ಒಂದನ್ನೂ ತುಳಿಯುವುದಿಲ್ಲ ಅವಳು. ಸುತ್ತಿ ಬಳಸಿ ನಡೆಯುತ್ತಾಳೆ, ಚೆಂದ ಕಂಡಿದ್ದನ್ನು ನನ್ನ ಜೇಬಿಗೆ ತುರುಕುತ್ತಾಳೆ. ತುಳಿದರೆ ಇವಕ್ಕೆ ನೋವಾಗುತ್ತದಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ.

ಅಕ್ಟೋಬರ್ 11, ಶನಿವಾರ

ಮನೆಯಲ್ಲಿ ಧೂಳು ಹೊಡೆಯುವ ಗಲಾಟೆ. ನಾನೂ ಸಾಸಿವೆಯೂ ಬಣ್ಣದ ಕಾಗದದ ಸರಪಳಿಗೆ ಕೂತೆವು. ಕಾಗದಕ್ಕಿಂತ ಅವಳ ಕೂದಲಿಗೇ ಅಂಟು ಜಾಸ್ತಿ.

ಅಕ್ಕನ ಫೋನು. ಕ್ವಾರ್ಟರ್ಸ್ ಸಿಕ್ಕಿದೆಯಂತೆ, ಪಕ್ಕದಲ್ಲೇ ನರ್ಸರಿಯಂತೆ. ಹಬ್ಬಕ್ಕೆ ಬಂದವಳು ಮಗಳನ್ನು ಕರೆದುಕೊಂಡೇ ಹೋಗುತ್ತಾಳಂತೆ. ಅಮ್ಮ ಒಳ್ಳೆಯದಾಯಿತು ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಎದ್ದು ಹೋಗಿ ಅಟ್ಟ ಗುಡಿಸಿದೆ. ಆಗಲೇ ಗುಡಿಸಿಯಾಗಿತ್ತು.

ಮಗುವಿಗೆ ಈಗಲೇ ಹೇಳಬೇಡ, ಬಸ್ ಹತ್ತಿಸಿದ ಮೇಲೆ ನಾನೇ ಹೇಳುತ್ತೇನೆ ಎಂದಳು ಅಕ್ಕ. ನಾನಾಗಿ ಹೇಳುವುದಿಲ್ಲ, ಆದರೆ ಅವಳು ಕೇಳಿದರೆ ಸುಳ್ಳಾಡುವುದಿಲ್ಲ ಎಂದೆ.

"ನಿನ್ನ ಬಾಯಿಗೆ ದಬ್ಬಣದಲ್ಲಿ ಹೊಲಿಗೆ ಹಾಕ್ಬೇಕು ಕಣೋ" ಅಂದಳು.

ಅಕ್ಟೋಬರ್ 15, ಬುಧವಾರ

ಔಷಧಿ ಅಂಗಡಿಯ ಕಾಂಪೌಂಡರು ಹೊಸ ದಿಂಬನ್ನು ವಾಪಸ್ ತಂದರು. ತಲೆ ಇಟ್ಟರೆ ಚರಚರ ಎನ್ನುತ್ತದಂತೆ, ಇಲಿಗಿಲಿ ಸೇರಿದೆಯಾ ಎಂದು ಅವರ ಅನುಮಾನ. ಬಿಚ್ಚಿದೆ. ಹತ್ತಿಯ ನಡುವೆ ಒಂದು ಒಣಗಿದೆಲೆ. ಯಜಮಾನರು ಕಪಾಟಿನಲ್ಲಿದ್ದ ದಿಂಬುಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದರು. ಎಲ್ಲವೂ ಚರಚರ.

ಸಾಸಿವೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. "ಒಂದೊಂದೇ ಹಾಕಿದ್ದು ತಾತ. ಹೊರಗೆ ಅವಕ್ಕೆ ಚಳಿ ಅಲ್ವಾ?"

ನೋಡದೆ ಹೊಲಿದವನು ನಾನು. ಹಾಗೆಂದೇ ಒಪ್ಪಿಕೊಂಡೆ. ಯಜಮಾನರು ಬಯ್ಯಲು ಬಾಯಿ ತೆರೆದವರು ನಕ್ಕುಬಿಟ್ಟರು. "ದಿಂಬಿನಿಂದ ಹತ್ತಿ ಕದ್ದೋರನ್ನ ಬೇಕಾದಷ್ಟು ನೋಡಿದೀನಿ. ಕೈಯಿಂದ ಹಾಕಿ ತುಂಬ್ಸೋರನ್ನ ಇವತ್ತೇ ನೋಡಿದ್ದು."

ಸಂಜೆಯವರೆಗೂ ಬಿಚ್ಚಿದ್ದೇ ಬಿಚ್ಚಿದ್ದು. ಎಲೆಗಳನ್ನೆಲ್ಲ ಅವಳಿಗೇ ಒಂದು ಚೀಲಕ್ಕೆ ತುಂಬಿ ಕೊಟ್ಟೆ.

ಅಕ್ಟೋಬರ್ 19, ಭಾನುವಾರ

ಹಬ್ಬಕ್ಕೆ ಫ್ರಾಕು ತರಲು ಹೋದೆವು. ಹಳದಿಯದೇ ಬೇಕೆಂದು ಹಟ. ಅಂಗಡಿಯವಳು ಸರಿಯಾದ ಅಳತೆ ಕೊಟ್ಟರೆ ಇವಳು ದೊಡ್ಡದೇ ಬೇಕೆಂದಳು. ಮುಂದಿನ ಹಬ್ಬಕ್ಕೂ ಆಗಬೇಕಲ್ಲ, ಆಗಲೂ ಮಾಮನ ಜೊತೆ ಸರಪಳಿ ಮಾಡುವಾಗ ಇದನ್ನೇ ಹಾಕಿಕೊಳ್ಳುತ್ತಾಳಂತೆ. ನನ್ನ ಮುಖದಲ್ಲಿ ಏನು ಕಂಡಿತೋ. ಮೆಟ್ಟಿಲಿಳಿಯುತ್ತ ಕೇಳಿದಳು, "ಅಲ್ವಾ ಮಾಮ?"

ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು. ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳಿದೆ. ಅಮ್ಮ ಬರುತ್ತಾಳೆ, ಈ ಸಲ ನಿನ್ನನ್ನೂ ಕರೆದುಕೊಂಡು ಹೋಗುತ್ತಾಳೆ, ಇನ್ನು ಅಲ್ಲೇ ಇರುವುದು...

"ನೀನೂ ಬರ್ತೀಯಾ?"

"ಇಲ್ಲ."

"ಅಜ್ಜಿ?"

"ಇಲ್ಲ ಪುಟ್ಟಾ."

ಬರುವಾಗ ದಾರಿಯುದ್ದಕ್ಕೂ ಎಲೆಗಳ ಮೇಲೇ ನಡೆದಳು. ಬೇಕಂತಲೇ. ಪುಡಿಪುಡಿ.

ಅಕ್ಟೋಬರ್ 21, ಮಂಗಳವಾರ

ಸಾಸಿವೆ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಅಂಗಡಿಗೂ ಬರುತ್ತಿಲ್ಲ. ಅಜ್ಜಿಯ ಬೆನ್ನ ಹಿಂದೆಯೇ ಇರುತ್ತಾಳೆ, ನನ್ನನ್ನು ಕಂಡರೆ ಗೋಡೆಗೆ ಮುಖ. ಅರ್ಧ ಮಾಡಿದ ಸರಪಳಿ ಹಾಗೇ ನೇತಾಡುತ್ತಿದೆ.

ಅಮ್ಮ ತಟ್ಟೆ ಕುಕ್ಕಿದಳು. "ನಿಜ ಹೇಳಿ ಬಂದ್ಯಲ್ಲ, ಅದನ್ನೇ ಉಣ್ಣು."

ನಿಜ ಹೇಳಿದ್ದು ಅವಳಿಗೋಸ್ಕರವೋ, ನನ್ನ ಜಂಭಕ್ಕೋ? ಮಧ್ಯಾಹ್ನವೆಲ್ಲ ಇದೇ ಯೋಚನೆ. ದಬ್ಬಣ ಎರಡು ಸಲ ಬೆರಳಿಗೇ ಇಳಿಯಿತು.

ಅಕ್ಟೋಬರ್ 23, ಗುರುವಾರ

ಬಂದಳು! ಬೆಳಿಗ್ಗೆ ನನಗಿಂತ ಮುಂಚೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಎಲೆಯ ಚೀಲ. ದಾರಿಯಲ್ಲಿ ಮತ್ತೆ ಎಲೆಗಳನ್ನು ಸುತ್ತಿ ಬಳಸಿಯೇ ನಡೆದಳು.

ಅಂಗಡಿಯಲ್ಲಿ ಯಜಮಾನರ ಹತ್ತಿರ ಚಿಕ್ಕದೊಂದು ದಿಂಬಿನ ಗವಸು ಕೇಳಿ ಪಡೆದಳು. ಮೂಟೆಯ ಹಿಂದೆ ಕೂತು ಏನೋ ಗುಟ್ಟಿನ ಕೆಲಸ. ಆಮೇಲೆ ಚಿಕ್ಕ ದಿಂಬು ತಂದು ಬಾಯಿ ಹೊಲಿ ಎಂದಳು, ಕಣ್ಣು ಮುಚ್ಚಿಕೊಂಡು. ಮುಚ್ಚಿದೆ. ಒಳಗಿನಿಂದ ಚರಚರ ಕೇಳಿಸಿತು. ಕೇಳಿಸದವನ ಹಾಗೆ ಹೊಲಿದೆ. ಇದೂ ಸುಳ್ಳೇ ಆಗುತ್ತದಾ? ಆಗಲಿ. ಬಸ್ಸಿನಲ್ಲಿ ತಲೆಗಿಟ್ಟುಕೊಳ್ಳಲು ಮಾಡಿಕೊಂಡಿರಬೇಕು ಎಂದುಕೊಂಡೆ.

ಸಂಜೆ ಸರಪಳಿ ಮುಂದುವರಿಸಿದೆವು.

ಅಕ್ಟೋಬರ್ 31, ಶುಕ್ರವಾರ

ಮನೆ ತುಂಬ ಜನ, ಬರೆಯಲು ಆಗಲೇ ಇಲ್ಲ. ಹಬ್ಬ ಚೆನ್ನಾಯಿತು. ಹಳದಿ ಫ್ರಾಕು ಮೊಣಕಾಲು ದಾಟಿ ಇಳಿಯುತ್ತಿತ್ತು. ದೊಡ್ಡದನ್ನೇ ತಂದಿದ್ದೆ.

ಮೊನ್ನೆ ಅಕ್ಕ ಬಂದಾಗ ಹೊಸ್ತಿಲಲ್ಲೇ ನಿಂತಳು, ಮಗಳು ಹತ್ತಿರ ಬರುತ್ತಾಳೋ ಇಲ್ಲವೋ ಎಂದು ಹೆದರಿದವಳ ಹಾಗೆ. ಸಾಸಿವೆ ಹೋಗಿ ಕೈ ಹಿಡಿದು, ಕ್ವಾರ್ಟರ್ಸ್ ಹತ್ತಿರ ಮರ ಇದೆಯಾ ಎಂದು ಕೇಳಿದಳು. ಅಕ್ಕ ನನ್ನ ಮುಖ ನೋಡಿದಳು. ಬೈಗುಳಕ್ಕೆ ತಯಾರಾದೆ.

"ಹೇಳ್ಬಿಟ್ಯಾ?"

"ಹ್ಞೂಂ."

"ಬಸ್ಸಲ್ಲಿ ಹೇಗಪ್ಪಾ ಹೇಳೋದು ಅಂತ ನಂಗೆ ನಿದ್ದೆನೇ ಇರ್ಲಿಲ್ಲ ಕಣೋ."

ನವೆಂಬರ್ 3, ಸೋಮವಾರ. ಮಧ್ಯಾಹ್ನ

ಬೆಳಿಗ್ಗೆ ಬಸ್ಸು ಹೋಯಿತು. ಸಾಸಿವೆ ಅಳಲಿಲ್ಲ. ಅಕ್ಕನೇ ಅತ್ತಳು. ಬಸ್ಸು ಅಲುಗಿದ ಮೇಲೆ ಕಿಟಕಿಯಿಂದ ದಿಂಬು ಹೊರಬಂತು. ತಪ್ಪಿ ಕೊಡುತ್ತಿದ್ದಾಳೆಂದು ವಾಪಸ್ ತಳ್ಳಲು ಹೋದೆ.

"ನಿಂಗೇ ಮಾಮ. ನೀನು ಒಬ್ನೇ ಮಲಗ್ಬೇಕಲ್ಲ."

ನೇರ ಅಂಗಡಿಗೆ ಬಂದೆ. ಊಟದ ಹೊತ್ತು ನಾವಿಬ್ಬರೂ ಮಲಗುತ್ತಿದ್ದ ಹತ್ತಿ ಮೂಟೆಗಳ ಸಂದಿಯಲ್ಲಿ ಈಗ ನಾನೊಬ್ಬನೇ. ಒತ್ತಿ ನೋಡಿದರೆ ದಿಂಬಿನಲ್ಲಿ ಹತ್ತಿಯ ಎಳೆಯೂ ಇಲ್ಲ. ಪೂರ್ತಿ ಎಲೆ. ಬಿಚ್ಚಿ ಹತ್ತಿ ತುಂಬಿಕೊಡಲಾ ಎಂದರು ಯಜಮಾನರು. ಬೇಡ ಎಂದೆ.

ತಲೆ ಮೆಲ್ಲಗೆ ಇಟ್ಟೆ. ಚರ್ ಎಂದಿತು. ಎತ್ತಿಬಿಟ್ಟೆ. ಒಂದೂ ಪುಡಿಯಾಗದ ಹಾಗೆ ಇದರ ಮೇಲೆ ಮಲಗುವುದು ಹೇಗೆ ಎಂದು ಅವಳನ್ನೇ ಕೇಳಬೇಕಿತ್ತು, ಬಸ್ಸು ಕಣ್ಮರೆಯಾಗುವ ಮುಂಚೆ —