ನಮ್ಮ ಪಗಾರ ನಾವೇ ಬರೆದುಕೊಂಡರೆ

ಸ್ವಾರಗೇಟ, ಪುಣೆ
೧೪ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಗಳು ಹರಿಣಾಕ್ಷಿಗೆ,

ಅಮ್ಮನ ಆಶೀರ್ವಾದ. ಬೆಳಗಾವಿಯ ಚಳಿಯಲ್ಲಿ ನಿನ್ನ ಗಂಟಲು ಹೇಗಿದೆ? ಅಧಿವೇಶನ ಮುಗಿಯುವವರೆಗೆ ಐಸ್‌ಕ್ರೀಮ್ ಮುಟ್ಟಬೇಡ ಎಂದಿದ್ದೆ, ಮುಟ್ಟಿರುತ್ತೀ. ಊರ ಕಡೆಯ ಜನ ಗೆಲ್ಲಿಸಿ ಶಾಸಕಿ ಮಾಡಿದರೂ ಆ ಒಂದು ಬುದ್ಧಿ ಹೋಗಲಿಲ್ಲ. ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಅಪ್ಪನ ಮೊಣಕಾಲು ನೋವು ಮೊನ್ನೆಯಿಂದ ಮಾಯವಾಗಿದೆ. ಅಧಿವೇಶನ ನೋಡಲು ಬಾ ಎಂದು ನೀನು ಕಳುಹಿಸಿದ ರೈಲು ಟಿಕೆಟ್ ಸುಖೇಶನ ಮೊಬೈಲಿಗೆ ಬಂತು. ಅದರ ಮಾತು ಆಮೇಲೆ.

ಮೊನ್ನೆ ನೀನು ಮಸೂದೆ ಮಂಡಿಸಿದ್ದನ್ನು ನಮ್ಮ ಹೋಟೆಲಿನ ಟೀವಿಯಲ್ಲಿ ನೋಡಿದೆವು. ಗಿರಾಕಿಗಳು ಕ್ರಿಕೆಟ್‌ನಲ್ಲಿ ಮುಳುಗಿದ್ದರು. ನಿನ್ನ ಅಪ್ಪ ಗಲ್ಲಾ ಬಿಟ್ಟೆದ್ದು, ಸ್ಟೂಲು ಹತ್ತಿ, ಚಾನೆಲ್ ತಿರುಗಿಸಿದರು. ಮೊಣಕಾಲು ವಾಸಿಯಾದದ್ದು ಆಗಲೇ. ಶಾಸಕರ ಸಂಬಳವನ್ನು ಶಾಸಕರೇ ಏರಿಸಿಕೊಳ್ಳುವುದು ಬೇಡ, ಹೊರಗಿನವರ ಸಮಿತಿ ಗೊತ್ತುಮಾಡಲಿ, ಎಷ್ಟು ಸಲ ಗೆದ್ದರೂ ಪಿಂಚಣಿ ಒಂದೇ ಇರಲಿ, ಮನೆಮಂದಿಯ ಪ್ರಯಾಣಕ್ಕೆ ಸರ್ಕಾರದ ಹಣ ಸಲ್ಲದು ಎಂದು ನೀನು ಹೇಳುತ್ತಿದ್ದರೆ ಬಡಿಸುವವರೆಲ್ಲ ತಟ್ಟೆ ಹಿಡಿದು ನಿಂತುಬಿಟ್ಟರು. ದಿನವೂ ಬರುವ ಗೋಡಬೋಲೆ ಕಾಕಾ "ಕಾಯ್ ಮ್ಹಣತೇ ತೀ?" ಎಂದು, ನೀನು ಏನು ಹೇಳುತ್ತಿದ್ದೀ ಎಂದು ಕೇಳಿದರು. ಅಪ್ಪ ಮರಾಠಿಯಲ್ಲಿ ಬಿಡಿಸಿ ಹೇಳಿದ ಮೇಲೆ "ಆಮದಾರ ಅಸೂನ್?" ಎಂದರು. ಶಾಸಕಿಯಾಗಿದ್ದುಕೊಂಡೇ ಹೀಗೆ ಹೇಳುತ್ತಾಳಾ ಎಂದು ಅವರಿಗೆ ಬೆರಗು. ಅದೇ ಖುಷಿಯಲ್ಲಿ ಇನ್ನೊಂದು ಕಾಫಿ ತರಿಸಿದರು. ನಮ್ಮ ಚಪಾತಿಯ ಚನ್ನಬಸವ್ವ ಅಡುಗೆಮನೆಯಿಂದ ಹೊರಗೆ ಬಂದು, "ಅಕ್ಕಾರ, ನಮ್ಮ ಪಗಾರ ನಾವ ಬರ್ಕೊಳ್ಳೂದಿದ್ರ ನಾ ಯಾಕ ಚಪಾತಿ ಲಟ್ಟಸ್ತಿದ್ನಿರಿ? ಭಾಳ ಚಲೋ ಮಾತಾಡ್ಯಾಳ ನಿಮ್ಮ ಮಗಳು" ಎಂದು ಲಟ್ಟಣಿಗೆಯನ್ನು ಮೇಲಕ್ಕೆತ್ತಿ ಆಡಿಸಿದಳು. ಇಡೀ ಹೋಟೆಲು ನಕ್ಕಿತು. ನಾನೂ ನಕ್ಕೆ, ಯಾರಿಗೂ ಹೇಳಬೇಡ.

ಆದರೆ ನಿನ್ನೆ ಫೋನಿನಲ್ಲಿ ನಿನ್ನ ದನಿ ಸೋತಿತ್ತು. "ಹೋಟೆಲಿನವರ ಮಗಳಿಗೆ ಸಂಬಳ ಯಾವ ಲೆಕ್ಕ?" ಎಂದು ಸದನದಲ್ಲಿ ಯಾರೋ ಹಂಗಿಸಿದರಂತೆ. ನಿಮ್ಮ ಪಕ್ಷದವರೇ ಊಟಕ್ಕೆ ಪಕ್ಕದಲ್ಲಿ ಕೂರುತ್ತಿಲ್ಲವಂತೆ. ಗುರುವಾರ ಚರ್ಚೆಗೆ ಬರುವ ಮೊದಲೇ ಮಸೂದೆ ಹಿಂತೆಗೆದುಕೊಳ್ಳಲೇ ಎಂದು ನೀನು ಕೇಳಿದೆ. ಕೂಡದು. ಬಡ ಮನೆಯಿಂದ ಬಂದ ಶಾಸಕ ಸಂಬಳವಿಲ್ಲದೆ ಹೇಗೆ ಬದುಕಬೇಕು ಎನ್ನುವುದು ನ್ಯಾಯದ ಪ್ರಶ್ನೆ. ಅವನಿಗೆ ಸಂಬಳ ಬೇಕೇ ಬೇಕು, ನೀನು ಬೇಡವೆಂದೂ ಹೇಳಿಲ್ಲ. ಹಂಗಿಸಿದವರಿಗೆ ಮಾತ್ರ ಹೋಟೆಲಿನ ಮಾತನ್ನೇ ಹೇಳು. ಗಿರಾಕಿ ನಿಂತಿರುವಾಗ ನಮ್ಮ ಮನೆಯವರು ಟೇಬಲ್ ಹಿಡಿಯುವಂತಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಟ ದಿನವೂ ನೀನು ನಿಂತೇ ದೋಸೆ ತಿಂದೆ, ಅಳುತ್ತಾ. "ಇದು ನಮ್ಮದೇ ಹೋಟೆಲಲ್ವಾ ಅಪ್ಪಾ?" ಎಂದು ಕೇಳಿದ್ದೆ. "ನಮ್ಮದು, ಅದಕ್ಕೇ" ಎಂದಿದ್ದರು ಅವರು. ಈಗ ಸುಖೇಶ, ಅಕ್ಕ ಬಂದಾಗ ಇರಲಿ ಎಂದು ಕಿಟಕಿಯ ಟೇಬಲಿಗೆ "ಕಾದಿರಿಸಿದೆ" ಎಂಬ ಫಲಕ ಇಟ್ಟಿದ್ದ. ತೆಗೆಸಿದೆ. ನಿನ್ನ ತಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದ.

ಗೆಲ್ಲುತ್ತೀ ಎಂದು ನಾನು ಹೇಳುವುದಿಲ್ಲ. ಒಬ್ಬಳೇ ಕೈಯೆತ್ತಬೇಕಾದರೂ ಎತ್ತು. ಆ ಕೈ ನಮ್ಮ ಮನೆಯದು ಎಂದು ಸ್ವಾರಗೇಟಿನ ತುಂಬ ಹೇಳಿಕೊಂಡು ತಿರುಗುತ್ತೇನೆ.

ಚಕ್ಕುಲಿಯ ಡಬ್ಬಿ, ಕಷಾಯದ ಪುಡಿ, ಈ ಪತ್ರ, ಮೂರನ್ನೂ ಬೆಳಗಾವಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಲಗೇಜ್ ಚೀಟಿ ಮಾಡಿಸಿದ್ದೇನೆ. ನಿನ್ನ ಗಂಟಲು ಗಟ್ಟಿಯಾಗಲಿ, ತಲೆ ಬಾಗದಿರಲಿ. ಅಪ್ಪನ ಆಶೀರ್ವಾದವೂ ಇದರಲ್ಲೇ ಇದೆ.

ನಿನ್ನ ಅಮ್ಮ,
ಶಾಮಲಾ

ವಿ.ಸೂ.: ಕಂಡಕ್ಟರ್ ಅವಸರ ಮಾಡುತ್ತಿದ್ದಾನೆ. ಆ ರೈಲು ಟಿಕೆಟ್ ಶಾಸಕರ ಮನೆಯವರ ಸವಲತ್ತಿನಲ್ಲಿ ಪುಕ್ಕಟೆ ಮಾಡಿಸಿದ್ದು ಎಂದು ಸುಖೇಶ ಓದಿ ಹೇಳಿದ. ನಿನ್ನ ಆಪ್ತ ಸಹಾಯಕ ರೂಢಿಯಂತೆ ಮಾಡಿಸಿರಬೇಕು. ಇವತ್ತೇ ರದ್ದುಮಾಡಿಸು. ಗುರುವಾರ ಅವರು ನಿನಗೆ ಹಾಕುವ ಮೊದಲ ಪ್ರಶ್ನೆ ನಾನಾಗಬಾರದು. ಬುಧವಾರದ ಬಸ್ಸಿಗೆ ನಾನೇ ಟಿಕೆಟ್ ತೆಗೆದಿದ್ದೇನೆ, ನಿನ್ನ ಅಪ್ಪನಿಗೂ ಚನ್ನಬಸವ್ವನಿಗೂ ಸೇರಿಸಿ. ಲಟ್ಟಣಿಗೆ ತರಕೂಡದೆಂದು ಅವಳಿಗೆ ಹೇಳಿದ್ದೇನೆ, ಇನ್ನೂ ಒಪ್ಪಿಲ್ಲ. ಪ್ರೇಕ್ಷಕರ ಗ್ಯಾಲರಿಯಲ್ಲಿ ನಮಗಾಗಿ ಯಾರನ್ನೂ ಎಬ್ಬಿಸಬೇಡ. ಜಾಗವಿಲ್ಲದಿದ್ದರೆ ನಿಂತೇ ನೋಡುತ್ತೇವೆ. ನಮ್ಮ ಮನೆಯವರಿಗೆ ಅಭ್ಯಾಸವಿದೆ.