ಮೇಲಿನೂರಿನಲ್ಲಿ ಏಳು ದಿನ

ಜೂನ್ 12, ಗುರುವಾರ

ಪ್ರೀತಿಯ ಚಿಟ್ಟೆ,

ಈ ಕಾಗದವನ್ನು ನಿನ್ನೆಯೇ ಬರೆದು ಮುಗಿಸಿದ್ದೆ. ಅಮ್ಮನ ಮಾತ್ರೆಗಳು, ಎಡಗೈಗೆ ಮಾಡಿಸಬೇಕಾದ ವ್ಯಾಯಾಮ, ನಾವು ಹೊರಡುವ ದಿನ, ಹಿಂತಿರುಗುವ ದಿನ, ಎಲ್ಲ ಎರಡು ಪುಟದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಲಕೋಟೆಗೆ ಅಂಟು ಹಚ್ಚುವಾಗ ಕೈ ನಿಂತಿತು. ಹೇಳಲೇಬೇಕಾದ ಒಂದು ವಿಷಯ ಅದರಲ್ಲಿ ಇರಲಿಲ್ಲ. ಅದನ್ನೇ ಮೊದಲು ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಉಳಿಯುತ್ತದೋ ಇಲ್ಲವೋ.

ನಾಲ್ಕು ವರ್ಷದ ಹಿಂದೆ ನೀನು ನನಗೆ ಬರೆದಿದ್ದೆ. ವರ್ಷಕ್ಕೆ ಎರಡು ತಿಂಗಳು ಅಮ್ಮನನ್ನು ನನ್ನ ಮನೆಗೆ ಕಳಿಸಿಕೊಡಿ ಅತ್ತಿಗೆ, ನೀವಿಬ್ಬರೂ ಸ್ವಲ್ಪ ಉಸಿರಾಡಿ, ಅಂತ. ಅಮ್ಮನಿಗೆ ಈ ಮನೆ ಬಿಟ್ಟು ಬರಲು ಮನಸ್ಸಿಲ್ಲ ಎಂದು ನಾನು ಉತ್ತರ ಹಾಕಿದೆ. ಚಿಟ್ಟೆ, ನಾನು ಅಮ್ಮನನ್ನು ಕೇಳಿಯೇ ಇರಲಿಲ್ಲ. ಆ ಕಾಗದವನ್ನು ನಿನ್ನ ಅಣ್ಣನಿಗೂ ತೋರಿಸಲಿಲ್ಲ. ಇವತ್ತಿಗೂ ತೋರಿಸಿಲ್ಲ. ಹೆತ್ತ ತಾಯಿಗೆ ತಂಗಿ ಒಂದು ದಿನವೂ ಹೆಗಲು ಕೊಡಲಿಲ್ಲ ಎಂದೇ ಅವನು ತಿಳಿದಿದ್ದಾನೆ. ನೀನು ಬಂದಾಗಲೆಲ್ಲ ಅವನು ಮುಖ ಗಂಟು ಹಾಕಿಕೊಂಡು ಅತಿಥಿ ಮಹಾಶಯರು ಬಂದರು ಅನ್ನುವುದು ಅದಕ್ಕೇ. ನೀನೋ, ಅಮ್ಮನ ಹೆಸರಲ್ಲಿ ಬೇಡ ಎಂದವನು ಅಣ್ಣನೇ ಇರಬೇಕು ಅಂದುಕೊಂಡು, ಅಮ್ಮನಿಗೆ ತಂದ ಸ್ವೆಟರು ಸುಮ್ಮನೆ ಕೊಟ್ಟು ಹೋಗುತ್ತೀಯ. ನಿಮ್ಮಿಬ್ಬರ ನಡುವಿನ ಈ ಮುನಿಸನ್ನು ಮಾಡಿಟ್ಟವಳು ನಾನು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಮ್ಮನ ಕಾಲು ಸೋತಿದೆಯೇ ಹೊರತು ಕಿವಿ ಸೋತಿಲ್ಲ. ಮೇಲಾಗಿ, ಸುಳ್ಳನ್ನು ಕಾಗದದಲ್ಲಿ ಬರೆದವಳು ನಿಜವನ್ನು ಬಾಯಲ್ಲಿ ತೇಲಿಸಿಬಿಡುವುದು ಸರಿಯಲ್ಲ ಅನ್ನಿಸಿತು. ಹೋದ ವಾರ ನಾನು ಫೋನು ಮಾಡಿ ನಾವು ಹೋಗಿ ಬರುವ ಹನ್ನೆರಡು ದಿನ ಅಮ್ಮನನ್ನು ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದಾಗ ನೀನು ಕೊನೆಗೂ ಕೇಳಿದ್ರಲ್ಲ ಅಂದೆ. ಆಗ ಅಮ್ಮ ಬರಲ್ಲ ಅಂದಿದ್ರಂತಲ್ಲ, ಈಗ ಹೇಗೆ ಒಪ್ಪಿದ್ರು ಅಂತಲೂ ಕೇಳಿದೆ. ನಾನು ಲೈನು ಸರಿಯಿಲ್ಲ ಎಂದು ಫೋನು ಇಟ್ಟೆ. ಲೈನು ಚೆನ್ನಾಗಿಯೇ ಇತ್ತು.

ಸರಿ, ಇನ್ನು ಖುಷಿಯ ಸಂಗತಿಗಳಿಗೆ ಬರುತ್ತೇನೆ. ತಪ್ಪಿಸಿಕೊಳ್ಳುತ್ತಿದ್ದಾಳೆ ಅಂದುಕೊಳ್ಳಬೇಡ. ಈ ಕಾಗದ ಬರೆಯುವ ಬುದ್ಧಿ ಬಂದದ್ದೇ ಆ ಖುಷಿಯ ನಡುವೆ.

ನಮ್ಮ ಪ್ರಯಾಣದ ಟಿಕೆಟು ಕೈಗೆ ಬಂದಿದೆ. ದಕ್ಷಿಣ ಅಮೆರಿಕದ ಆ ರಾಜಧಾನಿಯ ಹೆಸರು ನಿನ್ನ ಅಣ್ಣನ ನಾಲಿಗೆಗೆ ಒಗ್ಗಲೇ ಇಲ್ಲ. ಮೂರು ದಿನ ಮೂರು ಥರ ಹೇಳಿ, ಕೊನೆಗೆ ಮೇಲಿನೂರು ಎಂದು ನಾಮಕರಣ ಮಾಡಿಬಿಟ್ಟ. ಈಗ ಮನೆಯಲ್ಲಿ ಎಲ್ಲರಿಗೂ ಅದೇ ಹೆಸರು. ಹೋಗುವ ಯೋಚನೆ ಅಮ್ಮನದು, ನಮ್ಮದಲ್ಲ. ಟಿವಿಯಲ್ಲಿ ದೇಶ ಸುತ್ತುವ ಕಾರ್ಯಕ್ರಮ ನೋಡುತ್ತಾರಲ್ಲ, ಅದರಲ್ಲಿ ಒಂದು ಸಂಜೆ ಆ ಊರು ಬಂತಂತೆ. ಬೆಟ್ಟಗಳ ನಡುವೆ ಬಟ್ಟಲಲ್ಲಿಟ್ಟ ಹಾಗೆ ಮನೆಗಳು, ಮೋಡದೊಳಗೆ ನುಗ್ಗುವ ಕೇಬಲ್ ಕಾರು. ನೀವು ಮದುವೆಯಾಗಿ ಇಪ್ಪತ್ತು ವರ್ಷ ಆಗ್ತಿದೆ, ಇಬ್ಬರೂ ಹೋಗಿ ನೋಡಿ ಬಂದು ನನಗೆ ಹೇಳಿ ಎಂದು ಹಟ ಹಿಡಿದರು. ನಾವು ನೆಪ ಹೇಳಲು ಶುರು ಮಾಡಿದಾಗ ಅವರು ಅಂದದ್ದು ಹೀಗೆ. "ಹನ್ನೊಂದು ವರ್ಷ ನನ್ನ ಮುಖ ನೋಡಿ ನೋಡಿ ನಿಮ್ಮಿಬ್ಬರ ಮುಖಾನೂ ನನ್ನ ಥರಾನೇ ಆಗಿದೆ. ಹೋಗಿ ಬೇರೆ ಏನಾದ್ರೂ ನೋಡಿ."

ಪ್ರವಾಸದ ಕಚೇರಿಯಲ್ಲಿ ಇದಕ್ಕೆ ಜೋಡಿ ಪ್ರವಾಸ ಎಂದು ಹೆಸರು. ಗಂಡ ಹೆಂಡತಿಯರಿಗೆ ಮಾತ್ರ. ಅಲ್ಲಿನ ಹುಡುಗಿ ಫಾರಂ ತುಂಬುತ್ತಾ ಹೊಸದಾಗಿ ಮದುವೆಯಾದವರಾ ಎಂದು ಕೇಳಿದಳು. ನಿನ್ನ ಅಣ್ಣ ಒಂಚೂರೂ ನಗದೆ, ಹೌದು, ಇಪ್ಪತ್ತು ವರ್ಷದಿಂದ ಅಂದ. ಅವಳು ಪಾಪ ಅದನ್ನೂ ಬರೆದುಕೊಂಡಳು.

ಅವನ ಉತ್ಸಾಹ ಹೇಳತೀರದು. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಮೇಣ ಕರಗಿಸುವಾಗಲೂ ಕಿವಿಯಲ್ಲಿ ಸ್ಪ್ಯಾನಿಷ್ ಪಾಠ ಹಾಕಿಕೊಂಡಿರುತ್ತಾನಂತೆ. ಪುಸ್ತಕದಲ್ಲಿ ಎಷ್ಟೋ ಉಪಯೋಗದ ಮಾತುಗಳಿದ್ದರೂ ಅವನು ಮೊದಲು ಕಲಿತದ್ದು ವೈದ್ಯರ ಅಧ್ಯಾಯದ ಸ್ವಲ್ಪ ಬಾಯಿ ತೆಗೆಯಿರಿ ಎಂಬ ವಾಕ್ಯ. ನಮ್ಮಿಬ್ಬರಿಗಿಂತ ಅಮ್ಮನೇ ಚುರುಕು. ಟೀ ಕೊಟ್ಟರೆ ಗ್ರಾಸಿಯಾಸ್, ಅಂದರೆ ಧನ್ಯವಾದ, ಅನ್ನುತ್ತಾರೆ, ಟೀ ತಡವಾದರೆ ಅದನ್ನೇ ಬೈಯುವ ದನಿಯಲ್ಲಿ ಅನ್ನುತ್ತಾರೆ. ಭೂಮಿಯ ನಡುಗೆರೆ ಆ ಊರಿನ ಹತ್ತಿರವೇ ಹಾದುಹೋಗುತ್ತದೆ, ಅತ್ತ ಒಂದು ಕಾಲು ಇತ್ತ ಒಂದು ಕಾಲು ಇಟ್ಟು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ನಾನು ಹೇಳಿದೆ. ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು, ಒಂದು ಕಾಲು ಮನೇಲಿ ಒಂದು ಕಾಲು ಕೆಲಸದಲ್ಲಿ, ನೀನು ದಿನಾ ಹಾಗೇ ತಾನೆ ನಿಲ್ಲೋದು ಎಂದು ಕೇಳಿದರು.

ಇನ್ನು ಪಟ್ಟಿಯ ಕಥೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನೀನು ನಗುತ್ತೀಯ ಎಂಬ ಆಸೆ.

ಬಸ್ ಡಿಪೋದಲ್ಲಿ ನನ್ನ ಕೆಲಸ ಏನು ಅಂತ ನಿನಗೆ ಗೊತ್ತಲ್ಲ. ಯಾವ ಚಾಲಕ ಯಾವ ಬಸ್ಸನ್ನು ಎಷ್ಟು ಗಂಟೆಗೆ ಯಾರ ಕೈಗೆ ಒಪ್ಪಿಸಬೇಕು ಎಂದು ಚೌಕದ ಹಾಳೆಯಲ್ಲಿ ಗೆರೆ ಎಳೆಯುವುದು. ಒಬ್ಬ ಇಳಿಯದೆ ಇನ್ನೊಬ್ಬ ಹತ್ತುವ ಹಾಗಿಲ್ಲ, ಬಸ್ಸು ಯಾರೂ ಇಲ್ಲದೆ ನಿಲ್ಲುವ ಹಾಗೂ ಇಲ್ಲ. ಅಮ್ಮನಿಗೆ ಲಕ್ವ ಹೊಡೆದು ಎಡಭಾಗ ಸೋತ ಮೇಲೆ ನಮ್ಮ ಮನೆಯನ್ನೂ ನಾನು ಹಾಗೇ ನಡೆಸಿದೆ. ಬೆಳಿಗ್ಗೆ ಅವನು ಲ್ಯಾಬಿಗೆ, ನಾನು ಅಮ್ಮನ ಹತ್ತಿರ. ಎರಡೂವರೆಗೆ ಅವನು ಬರುತ್ತಾನೆ, ಮೂರಕ್ಕೆ ನಾನು ಹೊರಡುತ್ತೇನೆ. ಆ ಅರ್ಧ ಗಂಟೆಯಲ್ಲಿ ಮಾತ್ರೆ ಕೊಟ್ಟೆ, ಊಟ ಆಗಿದೆ, ಒಗೆದ ಬಟ್ಟೆ ಒಣಗಿಲ್ಲ ಎಂಬ ವರದಿ. ನಾನು ಬರುವಷ್ಟರಲ್ಲಿ ಅವನು ಮಲಗಿರುತ್ತಾನೆ. ರಜೆಗಳೂ ಬೇರೆ ಬೇರೆ, ಅವನಿಗೆ ಭಾನುವಾರ, ನನಗೆ ಬುಧವಾರ. ಅವನ ರಜೆಯ ದಿನ ನಾನು ಬೆಳಿಗ್ಗೆಯೇ ಡಿಪೋಗೆ, ನನ್ನ ರಜೆಯ ದಿನ ಅವನು ರಾತ್ರಿಯ ತನಕ ಲ್ಯಾಬಿನಲ್ಲಿ. ಹಾಗೆ ಇಡಿಸಿದವಳೂ ನಾನೇ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅಮ್ಮ ಒಬ್ಬರೇ ಇರಲಿಲ್ಲ. ಡಿಪೋದಲ್ಲಿ ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳಿಸಿಕೊಂಡಿದ್ದೇನೆ.

ಮೇಲಿನೂರಿನ ಏಳು ದಿನಕ್ಕೂ ಡಿಪೋದ ಹಾಳೆಯಲ್ಲೇ ಪಟ್ಟಿ ಮಾಡಿದೆ. ಅವನಿಗೆ ಕೆಂಪು ಪೆನ್ಸಿಲು, ನನಗೆ ನೀಲಿ. ಎಷ್ಟು ಖುಷಿಯಿಂದ ಮಾಡಿದೆ ಗೊತ್ತಾ, ಬೆಟ್ಟ ಹತ್ತುವ ಹಳೆಯ ಓಣಿಗಳು, ಟೋಪಿಗಳ ಸಂತೆ, ಕೇಬಲ್ ಕಾರು, ಒಂದೂ ಬಿಡಲಿಲ್ಲ. ಊಟದ ಮೇಜಿನ ಮೇಲೆ ಹರಡಿ ಅವನನ್ನು ಕರೆದೆ. ಅವನು ಹಲ್ಲಿನ ಅಂಚು ನೋಡುವ ಹಾಗೆ ಬಗ್ಗಿ, ಒಂದೊಂದೇ ಚೌಕದ ಮೇಲೆ ಬೆರಳು ಇಟ್ಟುಕೊಂಡು ಹೋದ. ಬುಧವಾರದ ತನಕ ಹೋಗಿ ನಿಂತ.

"ನಾವಿಬ್ಬರೂ ಒಂದೇ ಊರಿಗೆ ತಾನೆ ಹೋಗ್ತಿರೋದು?" ಅಂತ ಕೇಳಿದ.

ನನಗೆ ಅರ್ಥವಾಗಲಿಲ್ಲ. ಆಮೇಲೆ ನೋಡಿದೆ. ಸೋಮವಾರ ಬೆಳಿಗ್ಗೆ ಅವನು ಕೇಬಲ್ ಕಾರಿನಲ್ಲಿ, ನಾನು ಹೋಟೆಲಿನ ಕೋಣೆಯಲ್ಲಿ. ಮಧ್ಯಾಹ್ನ ನಾನು ಕೇಬಲ್ ಕಾರಿನಲ್ಲಿ, ಅವನು ಕೋಣೆಯಲ್ಲಿ. ಮಂಗಳವಾರ ನಾನು ಸಂತೆಗೆ, ಅವನು ಕೋಣೆಯಲ್ಲಿ. ಏಳು ದಿನವೂ ಹಾಗೇ. ಎರಡೂವರೆಯಿಂದ ಮೂರರವರೆಗೆ ಮಾತ್ರ ಕೆಂಪೂ ನೀಲಿಯೂ ಒಂದೇ ಚೌಕದಲ್ಲಿ. ನನ್ನ ಕೈಗೆ ಅಭ್ಯಾಸವಾದ ಪಟ್ಟಿ ಅದೊಂದೇ.

ಕುರ್ಚಿಯಲ್ಲಿ ಕೂತಿದ್ದ ಅಮ್ಮ ವಿಷಯ ಏನು ಎಂದು ಕೇಳಿ ತಿಳಿದುಕೊಂಡು, "ಆ ಕೋಣೇಲಿ ಕೂತು ಯಾರನ್ನ ಕಾಯ್ತೀರೋ? ನನ್ನ ದೆವ್ವಾನಾ? ನಾನಿನ್ನೂ ಸತ್ತಿಲ್ಲ" ಅಂದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿನ್ನ ಅಣ್ಣ ಕಣ್ಣು ಒರೆಸಿಕೊಂಡ. ಆಮೇಲೆ ಅಡುಗೆಮನೆಗೆ ಹೋಗಿ, ನಾನು ತೊಳೆದಿಟ್ಟಿದ್ದ ತಟ್ಟೆಗಳನ್ನೇ ಮತ್ತೆ ತೊಳೆದ.

ಎರಡನೇ ಪಟ್ಟಿಗೆ ಕೂತಾಗ ಇನ್ನೊಂದು ಗೊತ್ತಾಯಿತು. ಸಂಜೆ ನಾಲ್ಕು ಗಂಟೆಗೆ ಅವನಿಗೆ ಏನು ಮಾಡಲು ಇಷ್ಟ ಎಂದು ನನಗೆ ತಿಳಿಯದು. ಹನ್ನೊಂದು ವರ್ಷದಿಂದ ಆ ಹೊತ್ತಿನಲ್ಲಿ ನಾನು ಅವನನ್ನು ನೋಡಿಯೇ ಇಲ್ಲ. ಕೇಳಿದೆ. ಅಮ್ಮನ ಜೊತೆ ಇಸ್ಪೀಟು ಆಡುವುದಂತೆ, ಅಮ್ಮ ಮೋಸ ಮಾಡಿ ಗೆಲ್ಲುತ್ತಾರಂತೆ, ಆಮೇಲೆ ಕಿಟಕಿಯ ಹತ್ತಿರ ನಿಂತು ಬೀದಿಯಲ್ಲಿ ಹೋಗುವವರನ್ನು ಸುಮ್ಮನೆ ನೋಡುವುದಂತೆ. ಇಪ್ಪತ್ತು ವರ್ಷ ಜೊತೆಗಿದ್ದ ಗಂಡ ಕಿಟಕಿಯ ಹತ್ತಿರ ನಿಲ್ಲುತ್ತಾನೆ ಎಂಬುದು ನನಗೆ ಹೊಸ ಸುದ್ದಿ.

ಆಗ ನಿನ್ನ ಆ ಕಾಗದ ನೆನಪಾಯಿತು. ಯಾಕೆ ಬೇಡ ಅಂದೆ ಎಂದು ನನ್ನನ್ನೇ ಕೇಳಿಕೊಂಡೆ. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಚಪಲವೇ? ಅದೂ ಇದ್ದೀತು. ಆದರೆ ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಎರಡು ತಿಂಗಳು ಅಮ್ಮ ಇಲ್ಲದ ಮನೆಯಲ್ಲಿ ಮಾತ್ರೆಯ ಸುದ್ದಿ, ಬಟ್ಟೆಯ ಸುದ್ದಿ ಬಿಟ್ಟು ನಾವಿಬ್ಬರೂ ಏನು ಮಾತಾಡುತ್ತೇವೆ? ಏನೂ ಇಲ್ಲ ಎಂದು ಗೊತ್ತಾಗಿಬಿಟ್ಟರೆ? ಅದನ್ನು ತಿಳಿಯುವುದಕ್ಕಿಂತ ನಿನ್ನನ್ನು ಕೆಟ್ಟವಳನ್ನಾಗಿ ಮಾಡುವುದು ನನಗೆ ಸುಲಭವಾಯಿತು.

ಈಗಲೂ ಹೆದರಿಕೆ ಇದೆ, ಆದರೆ ಜೊತೆಗೆ ಒಂದು ಥರದ ಕಚಗುಳಿಯೂ ಇದೆ. ಮೇಲಿನೂರು ಎತ್ತರದಲ್ಲಿರುವುದರಿಂದ ಬೇಗ ಏದುಸಿರು ಬರುತ್ತದೆ, ಮೊದಲೇ ಅಭ್ಯಾಸ ಮಾಡಿಕೊಳ್ಳಿ ಎಂದು ಪ್ರವಾಸದ ಕಚೇರಿಯವರು ಹೇಳಿದ್ದಾರೆ. ಕೆಳಗಿನ ಮನೆಯ ನಿವೃತ್ತ ನರ್ಸಮ್ಮ ಅರ್ಧ ಗಂಟೆ ಅಮ್ಮನ ಹತ್ತಿರ ಕೂರುತ್ತಾರೆ, ನಾವು ಕಟ್ಟಡದ ಆರು ಮಹಡಿಯನ್ನೂ ಹತ್ತಿ ಇಳಿಯುತ್ತೇವೆ. ಮೊದಲ ದಿನ ನಾಲ್ಕನೇ ಮಹಡಿಯಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕುಸಿದು ಕೂತೆವು. ಅವನ ಮುಖ ಬೀಟ್‌ರೂಟ್ ಆಗಿತ್ತು. ನನ್ನನ್ನು ನೋಡಿ ಅವನು ಸ್ವಲ್ಪ ಬಾಯಿ ತೆಗೆಯಿರಿ ಎಂದು ಸ್ಪ್ಯಾನಿಷ್‌ನಲ್ಲಿ ಅಂದ. ನಕ್ಕೂ ನಕ್ಕೂ ಐದನೇ ಮಹಡಿಗೆ ಹೋಗಲೇ ಇಲ್ಲ. ಅವತ್ತು ರಾತ್ರಿಯ ಊಟಕ್ಕೆ ಕೂತಾಗಲೂ ನನಗೆ ಒಳಗೊಳಗೇ ನಗು.

ಅದಕ್ಕೇ ಬಚ್ಚಿಟ್ಟುಕೊಂಡು ಹೋಗಲಾರೆ. ಪ್ರವಾಸ ಮುಗಿದ ಮೇಲೆ ಹೇಳೋಣ ಎಂದು ಮನಸ್ಸು ಪಿಸುಗುಟ್ಟುತ್ತದೆ. ಹೇಳಿದರೆ ಅವನು ಬರುವುದಿಲ್ಲ ಅನ್ನಬಹುದು, ಟಿಕೆಟು ಹರಿಯಬಹುದು. ಆದರೆ ಅಷ್ಟು ದೂರ ಹೋಗಿ, ಕೇಬಲ್ ಕಾರಿನಲ್ಲಿ ಪಕ್ಕದಲ್ಲಿ ಕೂತು, ಅವನು ನಿನ್ನ ಬಗ್ಗೆ ಏನೋ ಕೊಂಕು ಆಡಿ ನಾನು ಹೂಂ ಎಂದು ತಲೆಯಾಡಿಸುವುದನ್ನು ನೆನೆದರೆ ಮೈ ಮುದುಡುತ್ತದೆ. ಭಾನುವಾರ ಹೇಳುತ್ತೇನೆ. ಅದಕ್ಕೆಂದೇ ರಜೆ ಹಾಕಿದ್ದೇನೆ. ಅವನು ಏನೇ ಅಂದರೂ ಈ ಕಾಗದ ನಿನಗೆ ಬರುತ್ತದೆ.

ಅಮ್ಮನ ಪಟ್ಟಿ ಬೇರೆ ಹಾಳೆಯಲ್ಲಿದೆ. ಅವರು ಸಕ್ಕರೆ ಹಾಕಿಲ್ಲ ಎಂದು ಹೇಳಿ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ, ನಂಬಬೇಡ. ಇಸ್ಪೀಟಿಗೆ ಕೂತರೆ ಸೋಲಲು ಸಿದ್ಧಳಾಗಿ ಕೂರು.

ನಿನ್ನ ಕ್ಷಮೆ ಕೇಳುವ ಧೈರ್ಯ ಈ ಪುಟದಲ್ಲಿ ಇನ್ನೂ ಬಂದಿಲ್ಲ. ಅಮ್ಮನನ್ನು ಕರೆದುಕೊಂಡು ಹೋಗಲು ನೀನು ಬಂದಾಗ ಎದುರಿಗೇ ಕೇಳುತ್ತೇನೆ. ಬಾಗಿಲಲ್ಲೇ ಬೈದು ಹೊರಟುಬಿಡಬೇಡ, ಒಳಗೆ ಬಂದು ಬೈಯಿ.

ನಿನ್ನ,
ಅತ್ತಿಗೆ

ಮತ್ತೆ ಬರೆದದ್ದು: ಭಾನುವಾರ, ಜೂನ್ 15. ಹೇಳಿದೆ. ಅವನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಎರಡು ಅಂಗಿ ಮುಗಿಸಿ ಮಡಿಚಿಟ್ಟ. ಆಮೇಲೆ ನೀನು ಬರೆದಿದ್ದ ಆ ಹಳೆಯ ಕಾಗದ ಇದೆಯಾ ಎಂದು ಕೇಳಿದ. ಕೊಟ್ಟೆ. ಓದಿ, ಅದನ್ನು ತೆಗೆದುಕೊಂಡು ಹೋಗಿ ಅಮ್ಮನಿಗೂ ಓದಿ ಹೇಳಿದ. ಅಮ್ಮ ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲಮ್ಮ. ನಾನು ಹೋಗ್ತಿದ್ದೆ" ಎಂದರು. ಆಮೇಲೆ, ಹನ್ನೆರಡು ದಿನ ಸಾಲದು, ಎರಡು ತಿಂಗಳೇ ಮಗಳ ಮನೆಯಲ್ಲಿ ಇರುತ್ತೇನೆ, ದೊಡ್ಡ ಪೆಟ್ಟಿಗೆ ಇಳಿಸು ಎಂದು ನಿನ್ನ ಅಣ್ಣನಿಗೆ ಹೇಳಿದರು. ಅಂದರೆ ಮೇಲಿನೂರಿನಿಂದ ಬಂದ ಮೇಲೂ ಈ ಮನೆಯಲ್ಲಿ ನಾವಿಬ್ಬರೇ. ಪೆಟ್ಟಿಗೆ ಇಳಿಸಿ ಧೂಳು ಒರೆಸುತ್ತಿದ್ದವನನ್ನು ನಾನು ಕೇಳಿಯೇಬಿಟ್ಟೆ, ನೀನು ನನ್ನ ಜೊತೆ ಬರ್ತೀಯಾ ಎಂದು. ತಲೆ ಎತ್ತದೆ ಉತ್ತರ ಕೊಟ್ಟ. "ಬರ್ತೀನಿ. ಸಿಟ್ಟು ಇಳಿದಿಲ್ಲ, ಅದನ್ನೂ ಕಟ್ಟಿಕೊಂಡು ಬರ್ತೀನಿ. ಏಳು ದಿನ ಇದೆಯಲ್ಲ, ಅಲ್ಲೇ ಜಗಳ ಆಡೋಣ." ಚಿಟ್ಟೆ, ಅವನ ಜೊತೆ ಜಗಳ ಆಡಲು ಒಂದು ಇಡೀ ಹಗಲು ಸಿಗುತ್ತದೆ ಎಂದು ನೆನೆದು ನನಗೆ ಖುಷಿಯಾಯಿತು ಅಂದರೆ ನನ್ನನ್ನು ಹುಚ್ಚಿ ಅನ್ನುತ್ತೀಯೇನೋ. ಇದರ ಜೊತೆ ನಿನಗೆ ಅವನೂ ಒಂದು ಪುಟ ಬರೆಯಬೇಕಂತೆ. ನಾಲ್ಕು ಸಾಲು ಬರೆದು ಮೂರು ಹೊಡೆದು ಹಾಕಿ ಕೂತಿದ್ದಾನೆ, ಬುಧವಾರದೊಳಗೆ ಮುಗಿಸುತ್ತೇನೆ ಅನ್ನುತ್ತಾನೆ. ಹಾಗಾಗಿ ಇದನ್ನು ಅಂಚೆಗೆ ಹಾಕುವುದು ಗುರುವಾರ, ಜೂನ್ 19ಕ್ಕೆ.